ಕಾಶಿ ತಪ್ಪಿಹೋಯಿತು, ದೀಪ ಹಚ್ಚಲೂ ಮನಸ್ಸಿಲ್ಲ

ಪ್ರಶ್ನೆ: ನಾನು ಮಂಡ್ಯದವಳು. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾರೆ. ಅಪ್ಪನ ಹೆಸರಿನಲ್ಲಿ ಗಂಗೆಯಲ್ಲಿ ಮುಳುಗಿ ಬರಬೇಕು ಅನ್ನುವುದು ಅವರ ಬಹಳ ದಿನದ ಆಸೆ. ಚೀಟಿ ಹಾಕಿ ದುಡ್ಡು ಕೂಡಿಸಿದ್ದೆ. ದಸರಾ ರಜೆಗೆ ಎಲ್ಲರೂ ಕಾಶಿಗೆ ಹೋಗಲು ಟಿಕೆಟ್ ಕೂಡ ಆಗಿತ್ತು. ವಾರ ಇರುವಾಗ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಕಾಶಿಯ ದುಡ್ಡು ಆಪರೇಷನ್‌ಗೆ ಹೋಯಿತು. ಈಗ ಆರೈಕೆಯೆಲ್ಲ ನನ್ನದೇ. ಅಮ್ಮ "ವಿಶ್ವನಾಥ ಕರೀಲಿಲ್ಲ ಬಿಡು" ಅಂತ ನಗುತ್ತಾರೆ. ಮೈಸೂರಿನಲ್ಲಿರುವ ಅತ್ತಿಗೆ ಫೋನ್ ಮಾಡಿ "ಆಗೋದೆಲ್ಲ ಒಳ್ಳೇದಕ್ಕೇ, ದೇವರಿಗೆ ಥ್ಯಾಂಕ್ಸ್ ಹೇಳು" ಅಂತಾರೆ. ನನಗೆ ದೀಪ ಹಚ್ಚಲೂ ಮನಸ್ಸಿಲ್ಲ. ಒಮ್ಮೊಮ್ಮೆ ಅಮ್ಮನ ಮೇಲೂ ಸಿಟ್ಟು ಬರುತ್ತದೆ. ನನ್ನ ಭಕ್ತಿಯೇ ಸುಳ್ಳಾ?

ಉತ್ತರ: ಇಡೀ ಪತ್ರದಲ್ಲಿ ನೀವು ಹೆದರಿ ಬರೆದ ಮಾತು ಒಂದೇ, ಅಮ್ಮನ ಮೇಲಿನ ಸಿಟ್ಟು. ಅಲ್ವಾ? ಅವರು ಬೇಕಂತ ಬೀಳಲಿಲ್ಲ ಅಂತ ನಿಮಗೂ ಗೊತ್ತು. ಆದರೂ "ಒದ್ದೆ ನೆಲದ ಮೇಲೆ ಹುಷಾರು ಅಂತ ಎಷ್ಟು ಸಲ ಹೇಳಿದ್ದೆ" ಅನ್ನುವ ಮಾತು ಗಂಟಲವರೆಗೆ ಬಂದು ನಿಲ್ಲುತ್ತದೆ. ಒಂದೊಂದು ರವಿಕೆಯ ಕೂಲಿಯಲ್ಲಿ ಉಳಿಸಿ ಚೀಟಿ ಕಟ್ಟಿದವರು ನೀವು. ಅಷ್ಟು ಕಷ್ಟಪಟ್ಟದ್ದು ಕೈ ತಪ್ಪಿದರೆ ಸಿಟ್ಟು ಬರದೆ ಇರುತ್ತದೆಯೇ? ಬಂದ ಸಿಟ್ಟು ಹತ್ತಿರ ಇದ್ದವರ ಮೇಲೇ ತಿರುಗುತ್ತದೆ. ಅದನ್ನು ಬಾಯಿಗೆ ತರದೆ ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟು, ಮೈ ಒರೆಸಿ, ರಾತ್ರಿ ಕರೆದಾಗ ಎದ್ದು ಬರುವವರ ಭಕ್ತಿ ಸುಳ್ಳು ಅಂದರೆ ನಾನಂತೂ ಒಪ್ಪುವುದಿಲ್ಲ.

ಇನ್ನು ದೇವರ ಮೇಲಿನ ಕೋಪ. ನಮ್ಮ ದಾಸರು ದೇವರನ್ನು ಚೆನ್ನಾಗಿ ಬೈದು ಹಾಡಿದ್ದಾರೆ. ಅದಕ್ಕೆ ನಿಂದಾಸ್ತುತಿ ಅಂತ ಹೆಸರೇ ಇದೆ. ಮಾರಮ್ಮನ ಗುಡಿ ಮುಂದೆ ನಿಂತು "ನಿನಗೇನು ಕಣ್ಣಿಲ್ವಾ?" ಅಂತ ಜಗಳ ಆಡುವ ಹೆಂಗಸರನ್ನು ನೀವೂ ನೋಡಿರುತ್ತೀರಿ. ಅವರನ್ನು ಯಾರೂ ನಾಸ್ತಿಕರು ಅನ್ನುವುದಿಲ್ಲ. ಸ್ವಲ್ಪ ದಿನ ದೀಪವನ್ನು ಮಕ್ಕಳು ಹಚ್ಚಲಿ. ನೀವು ಅಡುಗೆ ಮನೆಯಲ್ಲಿ ನಿಂತು ವಿಶ್ವನಾಥನಿಗೆ ನಾಲ್ಕು ಮಾತು ಬೈಯಿರಿ. ಅದೂ ಅವನ ಜೊತೆ ಆಡಿದ ಮಾತೇ.

ಥ್ಯಾಂಕ್ಸ್ ವಿಷಯಕ್ಕೆ ಬರುತ್ತೇನೆ. ಅಮ್ಮನ ಸೊಂಟ ಮುರಿದದ್ದಕ್ಕೆ ನೀವು ಯಾರಿಗೂ ಥ್ಯಾಂಕ್ಸ್ ಹೇಳಬೇಕಿಲ್ಲ. "ರೈಲಿನಲ್ಲಿ ಬಿದ್ದಿದ್ದರೆ ಏನು ಗತಿ, ಇಲ್ಲೇ ಬಿದ್ದದ್ದು ಒಳ್ಳೇದಾಯ್ತು" ಅಂತ ಇನ್ನೊಬ್ಬರು ಬಂದು ಹೇಳುತ್ತಾರೆ, ನೋಡುತ್ತಿರಿ. ದೇವರು ಚೀಟಿ ಕಟ್ಟಿಸಿದ್ದೇ ಆಸ್ಪತ್ರೆ ಖರ್ಚಿಗೆ ಅಂತಲೂ ಹೇಳಿಯಾರು. ಈ ಲೆಕ್ಕ ನನಗೆ ಹಿಡಿಸುವುದಿಲ್ಲ. ಮುದುಕಿಯ ಮೂಳೆ ಮುರಿದು ಪಾಠ ಹೇಳುವ ದೇವರನ್ನು ನಂಬಿ ಏನು ಮಾಡೋಣ? ಆದರೆ ಆವತ್ತು ದುಡ್ಡು ಕೈಯಲ್ಲಿತ್ತು ಅನ್ನುವುದು ನಿಜ. ಬಡ್ಡಿಗೆ ಸಾಲ ತರಲು ಓಡಬೇಕಾಗಲಿಲ್ಲ. ಅದನ್ನು ನೆನೆದು ಸ್ವಲ್ಪ ನಿರಾಳವಾದರೆ ತಪ್ಪಿಲ್ಲ. ಅಮ್ಮನನ್ನು ಎತ್ತಿ ಗಾಡಿಗೆ ಹತ್ತಿಸಿದವರು ಯಾರು? ಆಸ್ಪತ್ರೆಗೆ ಊಟ ಕಟ್ಟಿ ಕಳಿಸಿದವರು? ಹಬ್ಬದ ರವಿಕೆ ತಡವಾದರೂ ತುಟಿಪಿಟಕ್ ಅನ್ನದೆ ಹೋದ ಗಿರಾಕಿಗಳು? ಅಂಥವರು ಯಾರಾದರೂ ಇದ್ದೇ ಇರುತ್ತಾರೆ. ಸದ್ಯಕ್ಕೆ ಅವರಿಗೆ ಒಂದು ಒಳ್ಳೆ ಮಾತು ಹೇಳಿ. ದೇವರಿಗೆ ಹೇಳುವುದು ಮನಸ್ಸು ಬಂದಾಗ ಆಗಲಿ.

"ವಿಶ್ವನಾಥ ಕರೀಲಿಲ್ಲ" ಅನ್ನುವ ಅಮ್ಮ ಅದನ್ನು ನಿಜವಾಗಿ ನಂಬಿ ಹೇಳುತ್ತಿರಬಹುದು. ನಿಮಗೆ ನೋವಾಗದಿರಲಿ ಅಂತ ನಗುತ್ತಲೂ ಇರಬಹುದು. ನೀವೋ ಅವರ ಮುಂದೆ ಗಟ್ಟಿಯಾಗಿರುವ ಹಾಗೆ ನಟಿಸುತ್ತಿದ್ದೀರಿ. ಇದು ಇಬ್ಬರಿಗೂ ಸುಸ್ತು. ಕಾಶಿಗೆ ಹೋದವರು ತಮಗೆ ಇಷ್ಟವಾದ ಹಣ್ಣೋ ತರಕಾರಿಯೋ ಬಿಟ್ಟು ಬರುವ ರೂಢಿ ಇದೆಯಲ್ಲ? ಮಂಚದ ಪಕ್ಕ ಕೂತು "ನೀನು ಏನು ಬಿಡಬೇಕು ಅಂತಿದ್ದೆ ಅಮ್ಮ?" ಅಂತ ಕೇಳಿ. ಅಲ್ಲಿಂದ ಮಾತು ಅಪ್ಪನ ಕಡೆಗೆ ತಿರುಗಿದರೆ ತಿರುಗಲಿ. ನಿಮಗೂ ಬೇಜಾರಾಗಿದೆ ಅಂತ ಬಾಯಿಬಿಟ್ಟು ಹೇಳಿ. ಅತ್ತರೂ ಪರವಾಗಿಲ್ಲ.

ಯಾರಾದರೂ ತಿರುಮಕೂಡಲು ನರಸೀಪುರದ ಮಾತು ತೆಗೆದೇ ತೆಗೆಯುತ್ತಾರೆ. ಮೈಸೂರಿನಿಂದ 30 ಕಿಲೋಮೀಟರ್ ಚಿಲ್ಲರೆ ದೂರ, ಕಾವೇರಿ ಕಪಿಲೆ ಸೇರುವ ಜಾಗ. 1989ರಿಂದ ಅಲ್ಲೂ ಕುಂಭಮೇಳ ಶುರುವಾಗಿದೆ. ಅಲ್ಲಿನ ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಹಿಡಿದಿದ್ದಾನೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಜಾಸ್ತಿ ಅಂತ ನಮ್ಮ ಕಡೆಯ ಹೆಮ್ಮೆ. ಇದನ್ನು ಈಗಲೇ ಅಮ್ಮನ ಮುಂದೆ "ಕಾಶಿ ಇಲ್ಲದಿದ್ದರೆ ಇದು" ಅಂತ ಇಡಬೇಡಿ. ಅವರ ಮನಸ್ಸಿನಲ್ಲಿ ಇರುವುದು ಗಂಗೆ. ಅಪ್ಪನ ಹೆಸರಿನಲ್ಲಿ ಯಾವುದಾದರೂ ಹೊಳೆಯಲ್ಲಿ ಮುಳುಗಿದರೂ ಸಾಕು ಅಂತ ಅವರೇ ಅಂದರೆ, ಡಾಕ್ಟರು ಮೆಟ್ಟಿಲು ಇಳಿಯಬಹುದು ಅಂದ ಮೇಲೆ ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ. ನೀರಿಗೆ ಇಳಿಯಲೇಬೇಕು ಅಂತಿಲ್ಲ, ಮೆಟ್ಟಿಲ ಮೇಲೆ ಕೂರಿಸಿ ತಂಬಿಗೆಯಲ್ಲಿ ತಲೆಗೆ ಹಾಕಿದರೂ ಆದೀತು.

ಗಂಗೆಯೇ ಬೇಕು ಅಂದರೆ ಕಾಶಿ ಎಲ್ಲೂ ಹೋಗಿಲ್ಲ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಮಂಜು, ಚಳಿ ಜಾಸ್ತಿ. ಏಪ್ರಿಲ್ ಆಯಿತು ಅಂದರೆ ಬಿಸಿಲು ತಡೆಯಲಾಗದು. ಶಿವರಾತ್ರಿಯ ನೂಕುನುಗ್ಗಲು ಕಳೆದ ಮೇಲೆ ಹೊರಡುವುದು ವಯಸ್ಸಾದವರಿಗೆ ಒಳ್ಳೆಯದು. ಕಾಶಿಗೆ ಹೋಗಿ ಬಂದವರಿಗೆ 5,000 ರೂಪಾಯಿ ಸಹಾಯಧನ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2022ರಲ್ಲಿ ತಂದಿತ್ತು. ಹೊರಡುವ ಮೊದಲು ಮುಜರಾಯಿ ಇಲಾಖೆಯಲ್ಲಿ ವಿಚಾರಿಸಿ. ಅದಕ್ಕೂ ಮೊದಲು ಬಚ್ಚಲಿಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ.

ಇನ್ನೊಂದು ಮಾತು. ಪತ್ರದಲ್ಲಿ ಅತ್ತಿಗೆ ಇದ್ದಾರೆ, ಅಣ್ಣ ಕಾಣಲಿಲ್ಲ. ಅತ್ತಿಗೆ ಮುಂದಿನ ಸಲ ಫೋನ್ ಮಾಡಿದಾಗ ಜಗಳ ಬೇಡ. "ಶನಿವಾರ, ಭಾನುವಾರ ಇಬ್ಬರೂ ಬಂದು ಅಮ್ಮನ ಜೊತೆ ಇರಿ, ನಾವು ಮಕ್ಕಳಿಗೆ ದಸರಾ ಲೈಟಿಂಗ್ ತೋರಿಸಿಕೊಂಡು ಬರ್ತೀವಿ" ಅನ್ನಿ. ರಾತ್ರಿ ನಿಮ್ಮನೆಯಲ್ಲೇ ಮಲಗ್ತೀವಿ, ಕೀ ಕೊಟ್ಟು ಹೋಗಿ ಅಂತಲೂ ಹೇಳಿ.