‘ಅವಳ ಪರವಾಗಿಯೇ ಮಾತಾಡಿದ್ದು ಮೇಡಂ’

ಮಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಹುಡುಗ, ವಯಸ್ಸು 27. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಎರಡು ವಾರದಿಂದ ನಿದ್ದೆ ಇಲ್ಲ ಎಂದು ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದ. ಅರ್ಧ ಗಂಟೆ ಒಂದೇ ಮಾತು: "ಅವಳ ಪರವಾಗಿಯೇ ಮಾತಾಡಿದ್ದು ಮೇಡಂ. ಈಗ ಅವಳೇ ನನ್ನತ್ರ ಮಾತು ಬಿಟ್ಟಿದ್ದಾಳೆ."

ಅವಳು ಇವನ ಸಹೋದ್ಯೋಗಿ. ಕರಾವಳಿಯಲ್ಲಿ ಬಹುಕಾಲ ಅಸ್ಪೃಶ್ಯರೆಂದು ದೂರವಿಟ್ಟ ಬುಡಕಟ್ಟಾದ ಕೊರಗ ಸಮುದಾಯದವಳು. ಆಫೀಸಿನಲ್ಲಿ ಅದು ಇವನಿಗೆ ಮಾತ್ರ ಗೊತ್ತಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಲ್ಲಿ ಯಾರೋ ಮೀಸಲಾತಿ ಬಗ್ಗೆ ಹಗುರವಾಗಿ ಮಾತಾಡಿದರು. ಇವನಿಗೆ ಸಿಟ್ಟು ಬಂತು. "ಇವಳನ್ನು ನೋಡಿ, ಕೊರಗರ ಹುಡುಗಿ, ಎಷ್ಟು ಕಷ್ಟಪಟ್ಟು ಇಲ್ಲಿಗೆ ಬಂದಿದ್ದಾಳೆ" ಎಂದುಬಿಟ್ಟ. ಅವಳು ಅರ್ಧ ಉಂಡ ಡಬ್ಬಿಗೆ ಮುಚ್ಚಳ ಹಾಕಿ ಎದ್ದುಹೋದಳು. ರಾತ್ರಿ ಒಂದು ಮೆಸೇಜು: "ಅದನ್ನು ಹೇಳುವುದೋ ಬೇಡವೋ ಅಂತ ನಾನು ನೋಡ್ಕೊಳ್ತಿದ್ದೆ." ಅದನ್ನು ನನಗೆ ತೋರಿಸುವಾಗ ಅವನ ಕೈ ನಡುಗುತ್ತಿತ್ತು.

"ಮನೆಯಲ್ಲಿ ಇಂಥ ಮಾತು ಬಂದಾಗ ಏನು ಮಾಡುತ್ತೀರಿ?" ಎಂದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಉಡುಪಿ ಕಡೆಯ ದೊಡ್ಡಪ್ಪನ ಮನೆಯ ವಿಷಯ ಬಂತು. ಅಲ್ಲಿ ಡೋಲು ಬಡಿಯಲು ಬಂದ ಕೊರಗರಿಗೆ ಈಗಲೂ ಅಂಗಳದಾಚೆ ಎಲೆ ಹಾಕುತ್ತಾರೆ. ಇವನು ಒಳಗೆ ತಲೆ ತಗ್ಗಿಸಿ ಉಣ್ಣುತ್ತಾನೆ.

ಅಜಲು ಪದ್ಧತಿ ನಮ್ಮ ಜಿಲ್ಲೆಗಳದ್ದೇ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ, ತಮ್ಮ ಮನೆಯ ದೋಷ ಕಳೆಯಿತು ಅಂದುಕೊಳ್ಳುತ್ತಿದ್ದರು. ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ, ಈ ಹುಡುಗ ಹುಟ್ಟುವ ಹೊತ್ತಿಗೆ. ಜಾತಿಯ ಹೆಸರು ಎಲ್ಲಿ ಹೇಳಬೇಕು, ಎಲ್ಲಿ ಬೇಡ ಅಂತ ಅವಳು ಅಳೆದು ನೋಡುವುದು ಸುಮ್ನೆ ಅಲ್ಲ.

ಸಮಾಜ ಸುಧಾರಕ ಕುದ್ಮುಲ್ ರಂಗರಾಯರ ಕಥೆ ಹೇಳಿದೆ. 1890ರ ದಶಕದಲ್ಲಿ ಇದೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ರಂಗರಾಯರನ್ನು ದೂರ ಇಟ್ಟದ್ದು ಅವರ ಸ್ವಂತ ಸಾರಸ್ವತ ಬ್ರಾಹ್ಮಣ ಜಾತಿಯವರು. ನಿಷ್ಠುರ ಕಟ್ಟಿಕೊಂಡದ್ದು ತಮ್ಮವರ ಹತ್ತಿರ, ಅಲ್ವಾ?

ನಾನು ಕೊಟ್ಟ ಸಲಹೆ ಇಷ್ಟು. ಒಮ್ಮೆ ಕ್ಷಮೆ ಕೇಳಿ, ಎರಡೇ ಸಾಲಿನಲ್ಲಿ. ಸಮಜಾಯಿಷಿ ಬೇಡ, ಉತ್ತರಕ್ಕೆ ಕಾಯುವುದೂ ಬೇಡ. ಆಫೀಸಿನಲ್ಲಿ ಮೀಸಲಾತಿ ಮಾತು ಬಂದರೆ "ಇದು ನನಗೆ ಸರಿ ಕಾಣುವುದಿಲ್ಲ" ಎಂದು ನಿಮ್ಮ ಮಾತಾಗಿ ಹೇಳಿ, ಅವಳ ಬದುಕನ್ನು ಸಾಕ್ಷಿಗೆ ಎಳೆಯಬೇಡಿ. ಜಾಸ್ತಿ ಧೈರ್ಯ ಬೇಕಾಗುವುದು ದೊಡ್ಡಪ್ಪನ ಮುಂದೆ.

ಎರಡು ತಿಂಗಳು ಬಿಟ್ಟು ಬಂದ. ಹುಡುಗಿಯಿಂದ ಉತ್ತರ ಬಂದಿಲ್ಲ. "ಎಲ್ಲರಿಗೂ ಒಂದೇ ಪಂಕ್ತಿ ಹಾಕದಿದ್ದರೆ ನಾನು ಊಟಕ್ಕೆ ಕೂರುವುದಿಲ್ಲ" ಎಂದು ಮನೆಯಲ್ಲಿ ಹೇಳಿದ್ದಾನೆ. ದೊಡ್ಡಪ್ಪ ಮಾತು ಬಿಟ್ಟಿದ್ದಾರೆ.

"ಇದನ್ನು ಅವಳಿಗೆ ಹೇಳಿದಿರಾ?"

"ಇಲ್ಲ ಮೇಡಂ. ಅದು ನಮ್ಮ ಮನೆ ವಿಷಯ."