ಪಟ್ಟಿ ಕೇಳಬೇಡಿ ಮೇಷ್ಟ್ರೇ

ಸಕಲೇಶಪುರ ಕಡೆಯ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರ ಪತ್ರ: ಐದನೇ ತರಗತಿಯಲ್ಲಿ ನುಡಿಗಟ್ಟುಗಳ ಅರ್ಥ ಬಾಯಿಪಾಠ ಮಾಡಿಸದೆ, ಹಿಂದುಮುಂದಿನ ಮಾತು ನೋಡಿ ಮಕ್ಕಳೇ ಊಹಿಸಲಿ ಎಂದರೆ ಸಹೋದ್ಯೋಗಿಗಳು ನಗುತ್ತಾರಂತೆ. ‘ಕಾಲಿಗೆ ಬುದ್ಧಿ ಹೇಳು’ ಎಂಬುದಕ್ಕೆ ಒಬ್ಬ ಹುಡುಗ ‘ಹುಷಾರಾಗಿ ನಡಿ ಅಂತ ಕಾಲಿಗೆ ಹೇಳುವುದು’ ಎಂದು ಬರೆದನಂತೆ. ಅವರ ಪ್ರಶ್ನೆ: ನಾನು ಮಾಡುತ್ತಿರುವುದು ಸರಿಯೇ? ಮುಂದಿನ ಸಂಚಿಕೆಯಲ್ಲಿ ನೂರು ನುಡಿಗಟ್ಟು ಅರ್ಥಸಹಿತ ಪ್ರಕಟಿಸುವಿರಾ?

ಸಂಪಾದಕರ ಉತ್ತರ:

ಪರೀಕ್ಷೆಯ ಹಿಂದಿನ ದಿನ ಪಟ್ಟಿ ಉಪಯೋಗಕ್ಕೆ ಬರುತ್ತದೆ, ನಿಜ. ನಿಮ್ಮ ಸಹೋದ್ಯೋಗಿಗಳ ಪರವಾಗಿ ನಾನು ಹೇಳಬಲ್ಲದ್ದು ಅಷ್ಟೇ.

ಆ ಹುಡುಗನಿಗೆ ಸೊನ್ನೆ ಹಾಕಿಲ್ಲ ತಾನೇ? ನುಡಿಗಟ್ಟನ್ನು ಒಂಟಿಯಾಗಿ ಕೊಟ್ಟು ಅರ್ಥ ಕೇಳಿದರೆ ಅವನಾದರೂ ಇನ್ನೇನು ಬರೆದಾನು! ಹೀಗೆ ಹೇಳಿ ನೋಡಿ: ‘ತೋಟದ ಆಚೆ ಆನೆ ಘೀಳಿಟ್ಟಿದ್ದೇ ತಡ, ಕಾಫಿ ಕೊಯ್ಯುತ್ತಿದ್ದವರೆಲ್ಲ ಚೀಲ ಬಿಸಾಕಿ ಕಾಲಿಗೆ ಬುದ್ಧಿ ಹೇಳಿದರು.’ ನಿಮ್ಮ ಕಡೆಯ ಮಕ್ಕಳಿಗೆ ಇದರ ಮೇಲೆ ವಿವರಣೆ ಬೇಕೇ? ಅರ್ಥ ಹೇಳಿದ ಮಗುವನ್ನು ಅಷ್ಟಕ್ಕೇ ಕೂರಿಸಬೇಡಿ. ಯಾವ ಮಾತಿನಿಂದ ಗೊತ್ತಾಯಿತು ಎಂದು ಕೇಳಿ. ಒಬ್ಬ ಆನೆ ಅನ್ನುತ್ತಾನೆ, ಒಬ್ಬಳು ಬಿಸಾಕಿದ ಚೀಲ ಅನ್ನುತ್ತಾಳೆ, ಚುರುಕಾದವರು ‘ಘೀಳಿಟ್ಟಿದ್ದೇ ತಡ’ವನ್ನು ಹಿಡಿಯುತ್ತಾರೆ. ಪಾಠ ನಡೆಯುವುದು ಆ ಜಗಳದಲ್ಲಿ.

‘ಹಳ್ಳ ದಾಟುವಾಗ ಅಣ್ಣ ಕೈ ಕೊಟ್ಟ.’ ‘ಈ ಸಲ ಹೂಮಳೆ ಕೈಕೊಟ್ಟಿತು.’ ಮೂಡಿಗೆರೆಯ ಬೆಳೆಗಾರರ ಮನೆಯ ಮಗುವಿಗೆ ಈ ಎರಡು ಕೈಗಳ ವ್ಯತ್ಯಾಸವನ್ನು ಯಾವ ಗೈಡೂ ಕಲಿಸಿಲ್ಲ. ಕಾಫಿ ಹೂ ಅರಳಿಸುವ ಮಳೆಗಾಗಿ ಮಾರ್ಚಿನಲ್ಲಿ ಆಕಾಶ ನೋಡುವ ಅಪ್ಪನ ಮುಖ ಕಲಿಸಿದೆ. ಅರಸೀಕೆರೆಯಲ್ಲಾದರೆ ಹೂಮಳೆ ಬಿಡಿ, ರಾಗಿ ತೆನೆ ಕಟ್ಟುವ ಹೊತ್ತಿನ ಮಳೆ ಅನ್ನಿ.

ಊಹೆ ಎಲ್ಲ ಕಡೆ ಗುರಿ ಮುಟ್ಟುವುದಿಲ್ಲ. ‘ವ್ಯವಸಾಯಕ್ಕೆ ಎಳ್ಳುನೀರು ಬಿಟ್ಟು ಬೆಂಗಳೂರು ಸೇರಿದ’ ಎಂದರೆ ‘ಬಿಟ್ಟುಹೋದ’ ಎಂಬಲ್ಲಿಯವರೆಗೆ ಮಗು ತಾನೇ ಬರುತ್ತದೆ. ಸತ್ತವರಿಗೆ ಎಳ್ಳು, ನೀರು ಬಿಡುವ ಕರ್ಮವನ್ನು ನೀವು ಹೇಳಿದರೆ ಮಾತ್ರ, ಇನ್ನು ಆ ಕಡೆ ತಿರುಗಿಯೂ ನೋಡುವುದಿಲ್ಲ ಎಂಬ ಖಾರ ಹತ್ತುತ್ತದೆ. ಮೇಷ್ಟ್ರ ಕೆಲಸ ಇರುವುದು ಅಲ್ಲಿ.

ನಿಘಂಟು ಕಟ್ಟಿದವರಿಗೂ ಬರೀ ಅರ್ಥ ಸಾಕೆನಿಸಲಿಲ್ಲ. ಕಿಟೆಲ್ 1894ರ ತಮ್ಮ ನಿಘಂಟಿನಲ್ಲಿ ಪದಗಳ ಜೊತೆಗೆ ಜನರ ಗಾದೆಗಳನ್ನೂ ಪೋಣಿಸಿದರು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಯಾವುದಾದರೂ ಪುಟ ತೆರೆಯಿರಿ, ಶಾಸನ, ಕಾವ್ಯಗಳ ಪ್ರಯೋಗಗಳು ಸಾಲುಗಟ್ಟಿವೆ. ವಿದ್ವಾಂಸರಿಗೇ ಬೇಕಾದ ಈ ಆಸರೆಯನ್ನು ಹತ್ತು ವರ್ಷದ ಮಗುವಿಗೆ ತಪ್ಪಿಸುತ್ತೇವಲ್ಲ!

ಇಷ್ಟೆಲ್ಲ ತಿಳಿದ ನೀವೇ ಕೊನೆಗೆ ನನ್ನಿಂದ ನೂರರ ಪಟ್ಟಿ ಕೇಳುತ್ತೀರಿ! ಕೊಡುವುದಿಲ್ಲ. ನಮ್ಮ ಕಚೇರಿಗೆ ಬರುವ ಕಥೆಗಳನ್ನು ಓದಿದರೆ ನನ್ನ ಸಿಟ್ಟು ಅರ್ಥವಾದೀತು. ವ್ಯಾಕರಣ ತಪ್ಪಿಲ್ಲ, ಕಾಗುಣಿತ ತಪ್ಪಿಲ್ಲ, ಪುಟಗಟ್ಟಲೆ ಓದಿದರೂ ಒಂದು ಪಾತ್ರವೂ ಮೂಗು ಮುರಿಯುವುದಿಲ್ಲ, ಹೊಟ್ಟೆ ಉರಿದುಕೊಳ್ಳುವುದಿಲ್ಲ. ಎಲ್ಲರೂ ‘ಬೇಸರಗೊಂಡರು’, ಅಷ್ಟೇ. ಮನೆಯಲ್ಲಿ ಮಕ್ಕಳೊಂದಿಗೆ ನಾವು ಆಡುವ ಮಾತಾದರೂ ಏನು? ‘ಬೇಗ ತಿನ್ನು, ವ್ಯಾನ್ ಬಂತು, ಹೋಂವರ್ಕ್ ಆಯ್ತಾ?’ ಇದರಲ್ಲಿ ಊಹಿಸಲು ಏನಿದೆ? ಕಥೆ ಪುಸ್ತಕ ಓದಲಿ ಅನ್ನೋಣವೆಂದರೆ, ನಾನು ಹೋದ ಶಾಲೆಗಳಲ್ಲಿ ಪುಸ್ತಕಗಳೆಲ್ಲ ಬೀರುವಿನೊಳಗೆ, ಬೀರುವಿಗೆ ಬೀಗ. ಮಕ್ಕಳು ಹರಿದುಬಿಟ್ಟರೆ ಲೆಕ್ಕ ಕೊಡಬೇಕಲ್ಲ ಎಂಬ ಸಬೂಬು ಬೇರೆ.

ನಿಮ್ಮ ಶಾಲೆಯ ಬೀರುವಿನ ಕೀಲಿ ಯಾರ ಹತ್ತಿರ ಇದೆ ಎಂದು ನೀವು ಬರೆದಿಲ್ಲ. ಹೆಡ್‌ಮಾಸ್ಟರ ಹತ್ತಿರ ಇದ್ದರೆ ಸೋಮವಾರವೇ ಕೇಳಿ ಇಸ್ಕೊಳ್ಳಿ.