ಕಾಕಾ ಪೆಪ್ಪರ್‌ಮಿಂಟ್ ಕೊಡೋದು ಬಿಟ್ಟಿದ್ದು

"ನಿಮ್ ಬೀದರ್ ಕಡೆ ಹೊಸಬರು ಬಂದ್ರೆ ಮಕ್ಕಳ ಕಳ್ಳ ಅಂತ ಹೊಡೆದೇ ಸಾಯಿಸ್ತಾರಂತೆ?" ಅಂತ ನಕ್ಕೋತ ಕೇಳಿದಿ.

ನಮ್ಮ ಜಿಲ್ಲೆದ ಮುರ್ಕಿ ಅನ್ನೋ ಹಳ್ಳಿ ಮಾತು ತಗದಿ, ಸರಿ. 2018ರ ಜುಲೈದಾಗ ಹೈದರಾಬಾದಿನಿಂದ ಬಂದ ಗೆಳೆಯರು ಹಂದಿಕೇರಾದಾಗ ಹುಡುಗರಿಗೆ ಚಾಕಲೇಟ್ ಕೊಟ್ಟರು. ಮಂದಿಗೆ ಸಂಶಯ ಬಂತು. ಅವರ ಕಾರು ಮುರ್ಕಿ ಮುಟ್ಟೋದರಾಗ ಮೊಬೈಲಿನಾಗ ಸುದ್ದಿ ಮುಟ್ಟಿತ್ತು. ಒಬ್ಬ ಎಂಜಿನಿಯರ್ ಸತ್ತ. ಬಿಡಿಸ್ಲಿಕ್ಕೆ ಹೋದ ಪೊಲೀಸರಿಗೂ ಏಟು ಬಿದ್ದವು. ನಾಚಿಕಿ ಬರ್ತದ, ಮುಚ್ಚಿಡೋದಿಲ್ಲ. ಆದರ ಅದೇ ವರ್ಷ ಮೇದಾಗ ನಿಮ್ಮ ಚಾಮರಾಜಪೇಟೆದಾಗೂ ಒಬ್ಬನ್ನ ಹಿಂಗೇ ಹೊಡೆದು ಕೊಂದರಲ್ಲ. ಅವಾಗ 'ಬೆಂಗಳೂರವರು' ಅಂತ ಯಾರೂ ಬೊಟ್ಟು ಮಾಡಲಿಲ್ಲ.

ಆವಾಗ ತಿರುಗಿದ ವಿಡಿಯೊದಾಗ ಬೈಕಿನವರು ಹುಡುಗನ್ನ ಎತ್ಕೊಂಡು ಹೋಗ್ತಾರ, ನೋಡಿರಬೇಕು ನೀನೂ. ಅದು ಕರಾಚಿದಾಗ ಮಕ್ಕಳ ಬಗ್ಗೆ ಜಾಗೃತಿಗಂತ ಮಾಡಿದ ನಾಟಕ. ಹುಡುಗನ್ನ ವಾಪಸ್ ತಂದು ಬಿಡೋ ಕೊನಿ ತುಣುಕು ಯಾರೋ ಕತ್ತರಿಸಿದ್ದರು. ಮುಂದ ವಾಟ್ಸಾಪ್‌ನವರು ಒಂದು ಸುದ್ದಿ ಐದೇ ಕಡಿ ಕಳಿಸಬೇಕು ಅಂತ ಮಿತಿ ಹಾಕಿದರು. ಗಡಿ ಮ್ಯಾಲಿನ ನಮ್ಮಲ್ಲಿ ಐದು ಕಡಿ ಅಂದ್ರ ಮೂರು ರಾಜ್ಯ, ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ!

ನಮ್ಮ ತ್ರಾಸು ಇದೇ ನೋಡು. ಮನ್ಯಾಗ ಕನ್ನಡ, ಸಂತ್ಯಾಗ ಮರಾಠಿ, ಬಸ್ಸಿನಾಗ ದಖನಿ ಉರ್ದು. ಗುಲ್ಲು ಎಲ್ಲಾ ಭಾಷೆದಾಗ ಬರ್ತದ. 'ನಂಬಬ್ಯಾಡ್ರಿ' ಅನ್ನೋ ಚೀಟಿ ಮಾತ್ರ ನಮ್ಮ ಓಣಿಗೆ ಕನ್ನಡದಾಗ ಬಂತು. ಮರಾಠಿ ಸಾಲಿ ಕಲಿತ ಮುದುಕರು ಅದರಾಗ ಶೇಂಗಾ ಕಟ್ಟಿಸ್ಕೊಂಡರು.

ನಮ್ಮ ಕಾಕಾ ಹಳೇ ಸೀರಿ ತಗೊಂಡು ಸ್ಟೀಲ್ ಬೋಗಾಣಿ ಕೊಡೋ ವ್ಯಾಪಾರದವ. ನಾಕು ಊರು ದಾಟಿದ್ರ ಅವನೂ ಹೊಸಬನೇ. ಆ ವರ್ಷ ಮಹಾರಾಷ್ಟ್ರದ ದೇಗಲೂರ ಕಡಿ ಒಂದು ಊರಾಗ ಗಾಡಿ ಕೀಲಿ ಕಸ್ಕೊಂಡು ಆಧಾರ್ ಕೇಳಿದರು. ಅದರಾಗ ಕನ್ನಡ ನೋಡಿ ಸಂಶಯ ಮತ್ತೂ ಜಾಸ್ತಿ ಆತು: ಬಾಯಾಗ ಮರಾಠಿ, ಕಾರ್ಡಿನಾಗ ಕನ್ನಡ, ಹೆಂಗ? ಮಾರುತಿ ಗುಡಿ ಕಟ್ಟಿ ಮ್ಯಾಲ ಕೂಡಿಸಿದರು. ಕಮಲನಗರದ ಗುರುತಿನವ ಒಬ್ಬ ಬಂದು ಹೇಳಿದ ಮ್ಯಾಲ ಬಿಟ್ಟರು, ಚಹಾನೂ ಕುಡಿಸಿದರು.

ಕಾಕಾ ಈಗೂ ಆ ಊರಿಗೆ ಹೋಗ್ತಾನ. ಮಂದಿ ಕೆಟ್ಟವರಲ್ಲ ಅಂತಾನ. ಆದರ ಮೊದಲ ಗಾಡಿ ಸುತ್ತ ಹುಡುಗರು ಕೂಡಿದ್ರ ಕಿಸೆದಾಗಿಂದ ಪೆಪ್ಪರ್‌ಮಿಂಟ್ ತಗದು ಕೊಡತಿದ್ದ. ಈಗ ಯಾವ ಕೂಸು ಕೈ ಚಾಚಿದ್ರೂ, "ಹೋಗು, ನಿಮ್ಮವ್ವನ್ನ ಕರಕೊಂಡು ಬಾ" ಅಂತಾನ.